ಮಾಮಾನ ರಟ್ಟಿನ ಎದೆಕಟ್ಟು

ಹೋದ ವರ್ಷ ಮಾರ್ಚ್ ಕೊನೆಗೆ ಗೆಳತಿಯ ಮಗಳ ಮದುವೆಗೆಂದು ನಾಗಪುರಕ್ಕೆ ಹೋಗಿದ್ದೆ. ಸೀರೆ ನೋಡಲು ಗಾಂಧಿಬಾಗಿನ ಗಲ್ಲಿಯೊಳಗೆ ನುಗ್ಗಿದಾಗ ಒಂದು ಅಂಗಡಿಯ ಮುಂದೆ ಕೂಲರಿಗೆ ತುಂಬುವ ಮರದ ಹುಲ್ಲನ್ನು ಆಳೆತ್ತರ ಒಟ್ಟಿದ್ದರು. ಬಿಸಿಲು ಏರುವ ಮೊದಲು ಆ ಊರಿನ ಪ್ರತಿ ಮನೆಯವರೂ ಕೂಲರಿನ ಹಳೆಯ ಹುಲ್ಲು ಕಿತ್ತೆಸೆದು ಹೊಸದನ್ನು ತುಂಬುತ್ತಾರೆ. ಎಳೆ ಎಳೆಯಾಗಿ ಹೆರೆದ ಒಣ ಮರದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಂದ ಕೆಲಸ ಮರೆತೆ. ಉಳಿದವರಿಗೆ ಅದು ಬೇಸಿಗೆಯ ವಾಸನೆ. ನನಗೆ ಅದು ನನ್ನ ಸೋದರಮಾವ ಮಲ್ಲಪ್ಪ ಮಾಮಾನ ದೊಡ್ಡಾಟದ ವೇಷದ ಎದೆಕಟ್ಟಿನ ವಾಸನೆ. ಆ ಎದೆಕಟ್ಟನ್ನು ಐದು ಸಲ ಕೊಯ್ದವಳು ನಾನು. ಇಷ್ಟು ವರ್ಷ ಇದನ್ನು ಯಾರಿಗೂ ನೆಟ್ಟಗೆ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಹನ್ನೊಂದನೆಯ ತರಗತಿಯಲ್ಲಿದ್ದೆ. ಆಗ ನಾವಿದ್ದದ್ದು ನಾಗಪುರದಲ್ಲೇ. ಅಪ್ಪ ಸರಕಾರದ ಮದ್ದುಗುಂಡು ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಇನ್‌ಸ್ಪೆಕ್ಟರ್. ತಯಾರಾದ ತುಣುಕು ಕೂದಲೆಳೆಯಷ್ಟು ಹೆಚ್ಚು ಕಡಿಮೆಯಿದ್ದರೂ ಅದನ್ನು ಬದಿಗಿಡುವುದು ಅವನ ಕೆಲಸ. ಮನೆಯಲ್ಲೂ ಆ ಗುಣ ಬಿಟ್ಟಿರಲಿಲ್ಲ. ಅವ್ವ ರೊಟ್ಟಿ ತಟ್ಟಿದರೆ ಅಂಚು ಒಂದೇ ದಪ್ಪ ಇದೆಯೇ ಎಂದು ನೋಡುತ್ತಿದ್ದ. ಅವ್ವ, "ಪಾಸಾತೇನ್ರಿ?" ಎಂದು ಕೇಳಿಯೇ ತಾಟಿಗೆ ಹಾಕುತ್ತಿದ್ದಳು. ಬಾಗಲಕೋಟೆ ಕಡೆಯಿಂದ ಬಂದು ಹದಿನೈದು ವರ್ಷವಾಗಿತ್ತು. ಕಾಲೊನಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಮ್ಮದು ಜೋಳದ ರೊಟ್ಟಿಯ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ.

ಜುಲೈ ತಿಂಗಳ ಒಂದು ಬೆಳಿಗ್ಗೆ ಮಾಮಾ ಒಂದು ಟ್ರಂಕು, ಒಂದು ಎಕ್ಸರೇ ಲಕೋಟೆ ಹಿಡಿದು ಬಂದ. ಅವ್ವನ ಅಣ್ಣ. ಅವ್ವ ವೈನಿ ಎಂದು ಕರೆಯುವ ತನ್ನ ಹೆಂಡತಿಯನ್ನು ಹೊಲ ನೋಡಿಕೊಳ್ಳಲು ಊರಿನಲ್ಲೇ ಬಿಟ್ಟು ಬಂದಿದ್ದ. ಊರಿನಲ್ಲಿ ಮೂರು ಎಕರೆ ಹೊಲ, ಮೂವತ್ತು ವರ್ಷ ದೊಡ್ಡಾಟದಲ್ಲಿ ಸೇನಾಪತಿ, ರಾಜ, ರಾಕ್ಷಸ ಇಂಥವೇ ಪಾತ್ರ. ಬಾಗಿಲು ತುಂಬುವ ಆಳು, ಅವನು ಕೆಮ್ಮಿದರೆ ಪಕ್ಕದ ಕ್ವಾರ್ಟರ್ಸಿನ ಮರಾಠಿ ಕಾಕೂ ಹೊರಗೆ ಬಂದು ನೋಡುತ್ತಿದ್ದಳು. ಎರಡು ತಿಂಗಳಿಂದ ರೊಟ್ಟಿ ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ ಎಂದು ಬಂದಿದ್ದ. ನಾಗಪುರದ ಆಸ್ಪತ್ರೆಯವರು ಒಂದು ವಾರ ಪರೀಕ್ಷೆ ಮಾಡಿ ಅಪ್ಪನನ್ನು ಒಳಗೆ ಕರೆದು ಹೇಳಿದರು. ಅನ್ನನಾಳದ ಕ್ಯಾನ್ಸರ್. ಬಹಳ ಮುಂದೆ ಹೋಗಿದೆ.

ಅಂದು ಅಡುಗೆಮನೆಯಲ್ಲಿ ಅವ್ವ ಅಪ್ಪನಿಗೂ ನನಗೂ ಬಾಯಿಗೆ ಬೀಗ ಹಾಕಿದಳು. "ಅಣ್ಣಗ ಹುಣ್ಣು ಆಗೇತಿ ಅಂತ ಹೇಳೂದು. ಊರಾಗ ವೈನಿಗೂ ಹಂಗಽ ಬರಿಯೂದು. ಆ ಹೆಸರು ಈ ಮನ್ಯಾಗ ಯಾರ ಬಾಯಾಗೂ ಬರಬಾರದು. ಅವಾ ಧೈರ್ಯಾ ಕಳಕೊಂಡ್ರ ಅರ್ಧ ಅಲ್ಲೇ ಮುಗೀತದ."

ಅಪ್ಪ ಏನೋ ಹೇಳಲು ಬಾಯಿ ತೆರೆದ. ಅವ್ವನ ಮುಖ ನೋಡಿ ಸುಮ್ಮನಾದ. ಆಗ ನನಗೂ ಅವ್ವ ಹೇಳಿದ್ದೇ ಸರಿ ಎನಿಸಿತು. ಪ್ರೀತಿ ಎಂದರೆ ಕೆಟ್ಟ ಸುದ್ದಿ ಮುಚ್ಚಿಡುವುದು ಎಂದು ನಮಗೆಲ್ಲ ತಿಳಿದಿದ್ದ ಕಾಲ ಅದು. ಈಗಲೂ ಬಹಳ ಮನೆಗಳಲ್ಲಿ ಹಾಗೇ ಇದೆ.

ಜನ ಕರೆಂಟು ಕೊಡುವುದು ಎನ್ನುವ ವಿಕಿರಣ ಚಿಕಿತ್ಸೆ ಶುರುವಾಯಿತು. ವಾರದಲ್ಲಿ ಐದು ದಿನ ಆಸ್ಪತ್ರೆ, ಉಳಿದ ಹೊತ್ತು ವರಾಂಡದ ಕುರ್ಚಿ. ಹೊಲ ಬಿಟ್ಟು ಬಂದ ಮನುಷ್ಯ ಮುಳ್ಳಿನ ಮೇಲೆ ಕೂತಂತೆ ಕೂತಿರುತ್ತಿದ್ದ. ಅಷ್ಟರಲ್ಲಿ ನಾಗಪುರದ ಕನ್ನಡ ಕೂಟದ ಕಾರ್ಯದರ್ಶಿ ದೇಸಾಯರು ಬಂದರು. ಬ್ಯಾಂಕಿನವರು, ಧಾರವಾಡದ ಕಡೆಯವರು. ನವೆಂಬರಿನ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಅದೇ ಮಕ್ಕಳ ಹಾಡು, ಅದೇ ಚಿತ್ರಾನ್ನ. ಮಾಮಾನನ್ನು ನೋಡಿ ಅವರಿಗೆ ಆಸೆ ಹುಟ್ಟಿತು.

"ಒಂದಽ ಒಂದು ಪ್ರವೇಶ ಮಾಡಿ ತೋರಸ್ರಿ ಮಲ್ಲಪ್ಪನವರ. ಹದಿನೈದು ಮಿನಿಟು ಸಾಕು. ನಮ್ಮ ಹುಡುಗರು ದೊಡ್ಡಾಟ ಅಂದ್ರ ಏನಂತ ನೋಡಲಿ. ಆದ್ರ ವೇಷಕ್ಕ ಕೂಟದಾಗ ರೊಕ್ಕ ಇಲ್ರಿ."

ಮಾಮಾನ ಮುಖದ ಮೇಲೆ ಬಂದಾಗಿನಿಂದ ಕಾಣದ ಕಳೆ ಬಂತು. "ವೇಷಾ ಬಾಡಿಗಿ ತರೂದು ಯಾಕ? ಮನ್ಯಾಗಽ ಮಾಡೂಣು. ರಟ್ಟು ಐತಿ, ಗೋಂದು ಐತಿ, ಸಾಹೇಬ್ರ ಕೈ ಐತಿ" ಎಂದ. ಅಪ್ಪನನ್ನು ಅವನು ತಮಾಷೆಗೆ ಸಾಹೇಬ್ರ ಎಂದೇ ಕರೆಯುತ್ತಿದ್ದುದು.

ಆ ಮಳೆಗಾಲ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಅಪ್ಪ ಕಾರ್ಖಾನೆಯಿಂದ ಒಂದು ಮೊಳೆಯನ್ನೂ ಮನೆಗೆ ತರುವವನಲ್ಲ. ಹಾಗಾಗಿ ಎಲ್ಲವೂ ಊರಿನ ಕಸದಿಂದಲೇ ಹುಟ್ಟಬೇಕಾಯಿತು. ಗಾಂಧಿಬಾಗಿನ ಬಟ್ಟೆ ವ್ಯಾಪಾರಿಗಳು ಬೀದಿಗೆ ಎಸೆಯುವ ದಪ್ಪ ರಟ್ಟಿನ ಪೆಟ್ಟಿಗೆಗಳನ್ನು ನಾನೂ ಅಪ್ಪನೂ ಸೈಕಲ್ ಮೇಲೆ ಕಟ್ಟಿ ತಂದೆವು. ಮಿಠಾಯಿ ಡಬ್ಬಿಗಳ ಒಳಗಿನ ಬಂಗಾರದ ಕಾಗದ, ಹಳೆಯ ಲಗ್ನಪತ್ರಿಕೆಗಳ ಹೊಳೆಯುವ ಅಂಚು, ಕಾಕೂ ಕೊಟ್ಟ ಹರಿದ ಪೈಠಣಿ ಸೀರೆಯ ಜರಿ, ಸವೆದ ಹವಾಯಿ ಚಪ್ಪಲಿಯ ಅಟ್ಟೆ ಎಲ್ಲಕ್ಕೂ ಒಂದು ಕೆಲಸ ಸಿಕ್ಕಿತು. ಮೈದಾ ಹಿಟ್ಟು ಕುದಿಸಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡುವುದನ್ನು ಮಾಮಾ ನನಗೆ ಕಲಿಸಿದ. ಮೂರು ಪದರ ರಟ್ಟು, ನಡುವೆ ಹಳೆಯ ಧೋತ್ರದ ಬಟ್ಟೆ, ಮೇಲೆ ಕಾಗದ. ಒಣಗಿದ ಮೇಲೆ ಬೆರಳಿನಿಂದ ಬಾರಿಸಿದರೆ ಠಣ್ ಎನ್ನಬೇಕು. ಭುಜದ ಮೇಲೆ ರೆಕ್ಕೆಯ ಹಾಗೆ ಏಳುವ ಭುಜಕೀರ್ತಿಯೊಳಗೆ ಹಳೆಯ ಕೂಲರಿನ ಹುಲ್ಲು ತುಂಬಿ ಉಬ್ಬಿಸಿದೆವು. ಅಟ್ಟೆಯಲ್ಲಿ ಕೊರೆದ ಹೂಗಳಿಗೆ ಕಾಗದ ಸುತ್ತಿ ಎದೆಗೆ ಮೆತ್ತಿದೆವು.

ಎದೆಕಟ್ಟಿನ ಅಳತೆ ತೆಗೆಯುವ ದಿನ ಅಪ್ಪ ಉಕ್ಕಿನ ಟೇಪು ತಂದು ಮಾಮಾನ ಕೈ ಎತ್ತಿಸಿ ನಿಲ್ಲಿಸಿದ. ಎದೆ, ಪಕ್ಕೆ, ಸೊಂಟ, ಹೆಗಲಿನಿಂದ ಹೆಗಲಿಗೆ, ಉಸಿರು ಎಳೆದಾಗ ಇಷ್ಟು, ಬಿಟ್ಟಾಗ ಇಷ್ಟು. ಎದೆ ಮೂವತ್ತೊಂಬತ್ತೂ ಕಾಲು ಇಂಚು.

"ಸಾಹೇಬ್ರ, ಇಷ್ಟು ಬರೋಬರ್ ಬ್ಯಾಡ್ರಿ. ಇದು ತೋಪಿನ ಗುಂಡಲ್ಲ" ಎಂದ ಮಾಮಾ.

"ಹೊಂದಬೇಕಂದ್ರ ಪೂರಾ ಹೊಂದಬೇಕು, ಇಲ್ಲಾಂದ್ರ ಮಾಡಬಾರದು" ಎಂದ ಅಪ್ಪ.

ಮಾಮಾ ಇನ್ನೇನೋ ಹೇಳುವವನಿದ್ದ. ಅಷ್ಟರಲ್ಲಿ ಕೆಮ್ಮು ಬಂತು, ಸುಸ್ತಾಗಿ ಮಲಗಿದ. ಆ ಮಾತು ಅಂದು ಪೂರ್ತಿ ಆಗಿದ್ದರೆ ಮುಂದಿನ ತಪ್ಪು ನಡೆಯುತ್ತಿರಲಿಲ್ಲವೇನೋ. ಅಪ್ಪ ತನ್ನ ಜನ್ಮದ ಅತ್ಯುತ್ತಮ ಕೆಲಸ ಮಾಡಿದ. ತೊಡಿಸಿ ನೋಡಿದಾಗ ಎದೆಗೂ ರಟ್ಟಿಗೂ ನಡುವೆ ಒಂದು ಪೋಸ್ಟ್ ಕಾರ್ಡು ತೂರುತ್ತಿರಲಿಲ್ಲ.

ಗಣಪತಿ ಹಬ್ಬ ಕಳೆದು ದಸರೆ ಹತ್ತಿರ ಬಂತು. ಮಾಮಾ ಗಂಜಿಗೆ ಇಳಿದಿದ್ದ. ದಿನವೂ ನೋಡುವ ಕಣ್ಣಿಗೆ ಮನುಷ್ಯ ಸೊರಗುವುದು ತಿಳಿಯುವುದಿಲ್ಲ. ನಮಗೆ ಅದನ್ನು ತಿಳಿಸಿದ್ದು ಎದೆಕಟ್ಟು. ಒಂದು ರವಿವಾರ ಹೆಜ್ಜೆ ನೆನಪು ಮಾಡಿಕೊಳ್ಳಲೆಂದು ಅದನ್ನು ಕಟ್ಟಿಕೊಂಡ. ಎರಡು ಹೆಜ್ಜೆ ಹಾಕಿದ್ದೇ, ಅದು ಅವನ ಮೈಮೇಲೆ ಬಾವಿಗೆ ಬಿಟ್ಟ ಕೊಡದ ಹಾಗೆ ತೂಗಾಡಿತು.

"ಇದ್ಯಾಕ, ದೊಡ್ಡದಾಗೇತಿ?" ಎಂದ.

ಅವ್ವ ಅಡುಗೆಮನೆಯಿಂದಲೇ ಹೇಳಿದಳು. "ಮಳಿಗಾಲದ ಥಂಡಿಗೆ ರಟ್ಟು ಹಿಗ್ಗ್ಯಾವ ಅಣ್ಣಾ. ಇವರು ಸರಿ ಮಾಡತಾರ."

ಮಾಮಾ ಅಪ್ಪನತ್ತ ನೋಡಿದ. ಅಪ್ಪ ನೆಲ ನೋಡಿದ.

ಮರುದಿನ ಮಾಮಾ ಆಸ್ಪತ್ರೆಗೆ ಹೋದಾಗ ಅವ್ವ ಎದೆಕಟ್ಟನ್ನು ನನ್ನ ಮುಂದೆ ಇಟ್ಟಳು. ಪಕ್ಕೆಯ ಕಡೆ ಎರಡು ಬೆರಳು ಕೊಯ್ದು, ಮತ್ತೆ ಕಾಗದ ಅಂಟಿಸಿ, ಕೊಯ್ದದ್ದು ತಿಳಿಯದ ಹಾಗೆ ಮಾಡಬೇಕು. ಅಪ್ಪ ಮುಟ್ಟಲು ಒಪ್ಪಲಿಲ್ಲ. "ಸುಳ್ಳು ಅಳತಿ ನಾ ಕೊಡಂಗಿಲ್ಲ" ಎಂದು ಹೊರಗೆ ಹೋಗಿ ನಿಂತ. ಆದರೆ ತಡೆಯಲೂ ಇಲ್ಲ. ನಾನು ಗರಗಸದ ಬ್ಲೇಡಿನ ತುಂಡು ಹಿಡಿದು ಕೊಯ್ದೆ. ನನ್ನ ಕೈ ಚಲೋ ಇತ್ತು, ಗುರುತೇ ಸಿಗಲಿಲ್ಲ. ಅವ್ವ ಬೆನ್ನು ತಟ್ಟಿದಳು. ಮುಂದಿನ ರವಿವಾರ ಮಾಮಾ ತೊಟ್ಟು, "ಹಾಂ, ಈಗ ಕುಂತತಿ ನೋಡು" ಎಂದಾಗ ನನಗೆ ಹೆಮ್ಮೆಯಾಯಿತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಹೀಗೆ ದೀಪಾವಳಿಯವರೆಗೆ ಐದು ಸಲ. ಪ್ರತಿ ಸಲವೂ ಎದೆಯ ಮೇಲಿನ ಹೂಗಳನ್ನು ಹತ್ತಿರ ಹತ್ತಿರ ಸರಿಸಿ ಅಂಟಿಸುತ್ತಿದ್ದೆ. ಭುಜಕೀರ್ತಿಯನ್ನೂ ಅದಕ್ಕೆ ತಕ್ಕಂತೆ ಸಣ್ಣದು ಮಾಡಿದೆ. ಕೊಯ್ದ ರಟ್ಟಿನ ಪಟ್ಟಿಗಳನ್ನು ಅವ್ವ ಬಂಬಿನ ಒಲೆಗೆ ಹಾಕಿ ನೀರು ಕಾಯಿಸುತ್ತಿದ್ದಳು. ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮಾಮಾ ಮಾತ್ರ ಕುರ್ಚಿಯಲ್ಲಿ ಕೂತು ಒಡೆದ ದನಿಯಲ್ಲಿ ಮಾತು ಬಾಯಿಪಾಠ ಮಾಡುತ್ತಿದ್ದ.

ಕಾರ್ಯಕ್ರಮಕ್ಕೆ ಹತ್ತು ದಿನ ಇದ್ದಾಗ ಪೂರ್ತಿ ವೇಷ ತೊಟ್ಟು ನೋಡುತ್ತೇನೆ ಎಂದ. ಮಧ್ಯಾಹ್ನದ ಹೊತ್ತು. ಅಪ್ಪನಿಗೆ ರಜೆ. ಎದೆಕಟ್ಟು, ಭುಜಕೀರ್ತಿ, ಕಿರೀಟ ಎಲ್ಲ ಕಟ್ಟಿದೆವು. ಎಲ್ಲವೂ ಅಳತೆಗೆ ತಕ್ಕ ಹಾಗಿತ್ತು. ಅವ್ವನ ಕಪಾಟಿನ ಬಾಗಿಲಿಗೆ ಉದ್ದ ಕನ್ನಡಿ ಇತ್ತು. ಮಾಮಾ ಅದರ ಮುಂದೆ ಹೋಗಿ ನಿಂತ. ಬಹಳ ಹೊತ್ತು ನಿಂತ. ಕನ್ನಡಿಯೊಳಗೆ ಇದ್ದದ್ದು ಬಂಗಾರದ ಕಾಗದ ಸುತ್ತಿದ ಒಬ್ಬ ರೋಗಿ. ಆ ಕ್ಷಣಕ್ಕೆ ನಮ್ಮ ಮೂವರಿಗೂ ಅದು ಕಾಣಿಸಿತು.

"ಇದು ನನಗ ಹೊಂದೇತಿ" ಎಂದ. "ವೇಷಾ ಯಾವತ್ತೂ ನನಗ ಹೊಂದಿಲ್ಲ. ನಾನಽ ವೇಷಕ್ಕ ಹೊಂದತಿದ್ದೆ."

ಅಪ್ಪನಿಗೆ ಅರ್ಥವಾಗಲಿಲ್ಲ. ಮಾಮಾ ಕುರ್ಚಿ ಹಿಡಿದು ಕೂತ. ಕಿರೀಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಉಸಿರು ತೆಗೆದುಕೊಳ್ಳುತ್ತ ಹೇಳಿದ.

"ನಮ್ಮ ಊರಾಗ ವೇಷಾ ಮಾಡಾಂವ ಕುಣಿಯಾವನ ಅಳತಿ ಕೇಳೂದಽ ಇಲ್ರಿ. ಒಂದು ಕೋಲು ಇಟ್ಟಿರತಾನ. ರಾಜಾಗ ಇಷ್ಟು, ಸೇನಾಪತಿಗೆ ಇಷ್ಟು, ರಾಕ್ಷಸಗ ಇಷ್ಟು. ಅಳತಿ ಪಾತ್ರದ್ದು, ಮನಶ್ಯಾಂದಲ್ಲ. ನಮ್ಮ ಗುರುಗಳು ಕಬ್ಬಿನ ಗಳಾ ಇದ್ಧಂಗ ಇದ್ರು. ಒಳಗ ಆರು ಸೀರಿ ಸುತ್ತತಿದ್ರು. ಹೊರಗ ಬಂದ್ರಂದ್ರ ಹುಡುಗರು ಅಂಜಿ ಓಡತಿದ್ರು. ಮೈ ಸಾಲದ್ದು ಬಟ್ಟಿ ತುಂಬತೈತಿ. ಅದಕ್ಕಽ ವೇಷಾ ಅಂತಾರ."

ಆಮೇಲೆ ಎದೆಕಟ್ಟಿನ ಪಕ್ಕೆಯ ಮೇಲೆ ಬೆರಳಾಡಿಸಿದ. ಅಂಟಿನ ಮೇಲೆ ಅಂಟು ಬಿದ್ದು ಅಲ್ಲಿ ಗಡುಸಾಗಿತ್ತು.

"ಯಾರು ಕೊಯ್ದ್ರಿ?"

ನನಗೆ ತಡೆಯಲಾಗಲಿಲ್ಲ. "ನಾನು, ಮಾಮಾ" ಎಂದೆ.

"ಎಷ್ಟು ಸಲ?"

"ಐದು."

ಅವನು ಬೈಯಲಿಲ್ಲ. ತನ್ನ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿದ, ಮುಷ್ಟಿಯಾಯಿತು. ಅದನ್ನೇ ನೋಡುತ್ತ ಕೂತ. ಅವ್ವ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟಳು. ನೀರಿನ ಸದ್ದಿನ ಕೆಳಗೆ ಅವಳು ಅಳುತ್ತಿದ್ದುದು ನಮಗೆಲ್ಲರಿಗೂ ಗೊತ್ತಿತ್ತು.

"ಯಾಕಂತ ನಾ ಕೇಳಂಗಿಲ್ಲ" ಎಂದ ಮಾಮಾ ಕೊನೆಗೆ. "ಮೊದಲಿದ್ದದಕ್ಕಿಂತ ಒಂದು ಗೇಣು ದೊಡ್ಡದು ಮಾಡ್ರಿ. ಸೇನಾಪತಿ ದಂಡಿನ ಮುಂದ ನಿಂದರಬೇಕು."

ಅಪ್ಪ ಎಂಟು ದಿನ ರಜೆ ಹಾಕಿದ. ಅವನು ಅಷ್ಟು ರಜೆ ತೆಗೆದುಕೊಂಡದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮತ್ತೆ ಗಾಂಧಿಬಾಗಿನ ರಟ್ಟು ಬಂತು. ಕಾಕೂನ ಗಂಡ ಕಳಮನಾ ಮಂಡಿಯಿಂದ ಖಾಲಿ ಗೋಣಿಚೀಲಗಳನ್ನು ತಂದು ಕೊಟ್ಟರು. ಟೇಪಿಲ್ಲದೆ ರಟ್ಟಿನ ಮುಂದೆ ಕೂತ ಅಪ್ಪನ ಕೈ ಆಡಲಿಲ್ಲ. "ಎಷ್ಟು ಇಡ್ಲಿ?" ಎಂದು ಮತ್ತೆ ಮತ್ತೆ ಕೇಳಿದ. "ಕಣ್ಣಿಲೆ ನೋಡಿ ಕೊಯ್ರಿ ಸಾಹೇಬ್ರ. ದೂರ ಕುಂತಾವನ ಕಣ್ಣಿಲೆ" ಎಂದ ಮಾಮಾ ಹಾಸಿಗೆಯಿಂದಲೇ. ಮೊದಲ ತುಂಡು ಸೊಟ್ಟವಾಯಿತು. ಅಪ್ಪ ಅದನ್ನು ಎಸೆಯಲು ಹೋದ, ಮಾಮಾ ಬಿಡಲಿಲ್ಲ. ಎರಡು ಪಕ್ಕೆ ಒಂದೇ ಸಮ ಇಲ್ಲದ, ಅಪ್ಪನ ಕಾರ್ಖಾನೆಯಲ್ಲಾದರೆ ಬಾಗಿಲಲ್ಲೇ ವಾಪಸಾಗುತ್ತಿದ್ದ ಎದೆಕಟ್ಟು ತಯಾರಾಯಿತು. ಅಷ್ಟು ಚಂದದ್ದನ್ನು ಅಪ್ಪ ಮತ್ತೆ ಮಾಡಲಿಲ್ಲ.

ಅದೇ ವಾರ ಸಾರಥಿಯ ಪಾತ್ರಕ್ಕೆ ಒಪ್ಪಿದ್ದ ದೇಸಾಯರಿಗೆ ಬ್ಯಾಂಕಿನ ಆಡಿಟ್ ಬಂತು, ಅವರು ಕೈಯೆತ್ತಿದರು. ದೊಡ್ಡಾಟದಲ್ಲಿ ವೀರ ಸುಮ್ಮನೆ ಬಂದು ನಿಲ್ಲುವಂತಿಲ್ಲ. ಸಾರಥಿ ಎದುರು ನಿಂತು ನೀವು ಯಾರು, ಎಲ್ಲಿಯವರು ಎಂದು ಕೇಳಬೇಕು, ಕೇಳಿದ ಮೇಲೆಯೇ ವೀರ ತನ್ನ ಹೆಸರು ಹೇಳಬೇಕು. ಮೂರು ತಿಂಗಳು ಮಾಮಾನ ಪಾಠ ಕೇಳಿ ಕೇಳಿ ಆ ಮಾತು ಬಂದಿದ್ದುದು ಅಪ್ಪನೊಬ್ಬನಿಗೆ. ವೇದಿಕೆ ಎಂದರೆ ಬೆವರುವ ಮನುಷ್ಯ ಎರಡನೆಯ ಮಾತಿಲ್ಲದೆ ಒಪ್ಪಿಕೊಂಡ.

ಕಾರ್ಯಕ್ರಮ ಒಂದು ರವಿವಾರ ಮಧ್ಯಾಹ್ನ, ಸಿವಿಲ್ ಲೈನ್ಸಿನ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ. ಪಕ್ಕದ ತರಗತಿಯ ಕೋಣೆಯಲ್ಲಿ ನಾನು ಮಾಮಾನಿಗೆ ವೇಷ ಕಟ್ಟಿದೆ. ಮೊದಲು ಅವ್ವನ ಸೀರೆಗಳು. ಒಂದು, ಎರಡು, ಮೂರು. ಸೊಂಟದಿಂದ ಬಗಲಿನವರೆಗೆ ಸುತ್ತಿದೆ. ಅದರ ಮೇಲೆ ಗೋಣಿಚೀಲದಲ್ಲಿ ಹೊಲಿದ ಹುಲ್ಲಿನ ಮೆತ್ತೆ. ಆಮೇಲೆ ಮತ್ತೆ ಎರಡು ಸೀರೆ. ಸುತ್ತುವಾಗ ನನ್ನ ಬೆರಳಿಗೆ ಅವನ ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕವು. ಒಳಗೆ ಎಷ್ಟು ಸೀರೆ, ಎಷ್ಟು ಮಾಮಾ ಎಂಬುದು ಆ ಹೊತ್ತಿಗೆ ನನಗೊಬ್ಬಳಿಗೇ ಗೊತ್ತಿತ್ತು. "ಬಿಗಿ ಆತೇನು ಮಾಮಾ?" ಎಂದೆ. "ಇನ್ನಷ್ಟು ಜಗ್ಗು. ಬಿಗಿದ್ರಽ ನಿಂದರತೀನಿ" ಎಂದ.

ವೇದಿಕೆಗೆ ಬಂದದ್ದು ನನ್ನ ಮಾಮಾ ಅಲ್ಲ. ಏಳು ಅಡಿಯ ಒಬ್ಬ ಸೇನಾಪತಿ ಬಂದ. ಹೆಗಲ ಮೇಲೆ ಭುಜಕೀರ್ತಿ ಎದ್ದು ನಿಂತಿದ್ದವು, ಎದೆ ಬಾಗಿಲಿನಷ್ಟು ಅಗಲವಿತ್ತು. ಅವನು ಕುಣಿಯಲಿಲ್ಲ, ಕುಣಿಯಲಾಗುತ್ತಿರಲಿಲ್ಲ. ಒಂದು ಹೆಜ್ಜೆ ಇಟ್ಟು ನಿಂತ, ಗೆಜ್ಜೆ ಒಮ್ಮೆ ಝಲ್ ಎಂದಿತು. ಮುಂದಿನ ಸಾಲಿನಲ್ಲಿದ್ದ ಒಂದು ಕೂಸು ಕಿಟಾರನೆ ಕಿರುಚಿ ತಾಯಿಯ ಸೆರಗಿನೊಳಗೆ ಸೇರಿಕೊಂಡಿತು. ನಮ್ಮ ಜೊತೆ ಬಂದಿದ್ದ ಕಾಕೂ ನನ್ನ ಕೈ ಹಿಡಿದು, "ಕೇವ್ಢಾ ಧಿಪ್ಪಾಡ್ ಮಾಣೂಸ್!" ಎಂದಳು, ಎಷ್ಟು ದೊಡ್ಡ ಆಳು ಎಂದು. ಬೆಳಿಗ್ಗೆ ಅವನಿಗೆ ಗಂಜಿಯ ನೀರು ತಂದು ಕೊಟ್ಟವಳೂ ಅವಳೇ.

ಅಪ್ಪ ಎದುರು ನಿಂತು ಕೇಳಿದ. "ಅಯ್ಯಾ, ಭೂಮಿ ನಡುಗುವ ಹಾಗೆ ಬಂದು ನಿಂತ ತಾವು ಧಾರು? ತಮ್ಮ ನಾಮಾಂಕಿತವೇನು?"

"ಎಲೈ ಸಾರಥೀ" ಎಂದ ಮಾಮಾ. ದನಿ ಒಡೆದಿತ್ತು, ಆದರೆ ಕೊನೆಯ ಸಾಲಿಗೂ ಕೇಳಿಸಿತು. ದಂಡಿನ ಹೆಸರು, ಕುಲದ ಹೆಸರು, ಗೆದ್ದ ಕೋಟೆಗಳ ಹೆಸರು ಒಂದೊಂದಾಗಿ ಹೇಳಿದ. ನಡುನಡುವೆ ಉಸಿರು ಸಾಲದೆ ನಿಂತಾಗ ಅಪ್ಪ, "ಭಲಾ! ಮುಂದೆ?" ಎಂದು ಇಲ್ಲದ ಮಾತು ಸೇರಿಸಿ ಅವನಿಗೆ ಹೊತ್ತು ಕೊಟ್ಟ. ಯಾರಿಗೂ ಅದು ತಿಳಿಯಲಿಲ್ಲ. ಹದಿನೈದು ಮಿನಿಟಿನ ಆಟ ಇಪ್ಪತ್ತು ಮಿನಿಟಾಯಿತು. ಚಪ್ಪಾಳೆ ಬೀಳುತ್ತಿದ್ದಾಗ ಅವ್ವ ಎದ್ದು ನಿಂತಿದ್ದಳು, ಕೈ ಮುಗಿದಿದ್ದಳು.

ತರಗತಿಯ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆವು. ನಾವು ನಾಲ್ವರೇ. ಎದೆಕಟ್ಟು ಬಿಚ್ಚಿ ಬೆಂಚಿನ ಮೇಲೆ ಇಟ್ಟೆ. ಮೆತ್ತೆ ತೆಗೆದೆ. ಬೆವರಿನಲ್ಲಿ ತೊಯ್ದ ಸೀರೆಗಳನ್ನು ಒಂದೊಂದಾಗಿ ಬಿಚ್ಚಿದೆ. ಎಷ್ಟು ಬಿಚ್ಚಿದರೂ ಮುಗಿಯಲಿಲ್ಲ. ಮುಗಿದಾಗ ಬನಿಯನ್ನಿನಲ್ಲಿ ನಿಂತಿದ್ದ ಮಾಮಾ ಕಪ್ಪು ಹಲಗೆಗೆ ಕೈ ಊರಿ ಅಪ್ಪನತ್ತ ತಿರುಗಿದ.

"ಸಾಹೇಬ್ರ, ಟೇಪು ತಂದೀರೇನು?"

ಅಪ್ಪನ ಕಿಸೆಯಲ್ಲಿ ಅದು ಯಾವಾಗಲೂ ಇರುತ್ತಿತ್ತು.

"ಬ್ಯಾಡ ಅಣ್ಣಾ" ಎಂದಳು ಅವ್ವ.

"ಸೇನಾಪತಿದು ಮುಗೀತವ್ವಾ. ಈಗ ನಂದು ಹೇಳ್ರಿ." ಮಾಮಾ ಎರಡೂ ಕೈ ಎತ್ತಿದ.

ಅಪ್ಪ ಟೇಪು ಸುತ್ತಿದ. ಕನ್ನಡಕ ಹಣೆಗೆ ಏರಿಸಿ ಬಗ್ಗಿ ನೋಡಿದ. ಒಂದು ಇಂಚು ಹೆಚ್ಚು ಹೇಳಿದ್ದರೆ ಯಾರು ನೋಡುತ್ತಿದ್ದರು? ಅವನಿಂದ ಅದು ಆಗಲಿಲ್ಲ.

"ಮೂವತ್ತೊಂದೂ ಮುಕ್ಕಾಲು" ಎಂದ.

ಮಾಮಾ ಕೈ ಇಳಿಸಿ ಬೆಂಚಿನ ಮೇಲೆ ಕೂತ. ಹೊರಗೆ ಮಕ್ಕಳ ಹಾಡು ಶುರುವಾಗಿತ್ತು. ಅವ್ವ ಅವನ ಅಂಗಿ ತಂದಳು, ಒಂದೊಂದೇ ತೋಳು ತೂರಿಸಿ ಗುಂಡಿ ಹಾಕತೊಡಗಿದಳು. ಮೂರನೆಯ ಗುಂಡಿಗೆ ಅವಳ ಕೈ ನಿಂತಿತು.

"ಅಣ್ಣಾ, ಹುಣ್ಣಲ್ಲ ಅದು. ಕ್ಯಾನ್ಸರ್ ಐತಿ" ಎಂದಳು. ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಯಾರೂ ಆಡದ ಆ ಹೆಸರನ್ನು ಅವಳೇ ಆಡಿದಳು.

ಮಾಮಾ ಅವಳ ಕೈಯನ್ನು ಅಲ್ಲೇ ತನ್ನ ಎದೆಯ ಮೇಲೆ ಒತ್ತಿ ಹಿಡಿದ. ಅವನಿಗೆ ಆಶ್ಚರ್ಯವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಬಹಳ ದಿನದಿಂದ ಕಾದಿದ್ದ ಉತ್ತರ ಸಿಕ್ಕವನ ಹಾಗೆ ತಲೆ ಆಡಿಸಿದ.

"ಹಂಗಾದ್ರ ನಾಳಿಗೇ ಊರಿಗೆ ಟಿಕೀಟ ತಗಸವ್ವಾ" ಎಂದ. "ನಿಮ್ಮ ವೈನಿಗೆ ಇದನ್ನ ನಾನಽ ಹೇಳಬೇಕು."